ಗುರುವಾರದ ಲಸಿಕೆ: ಮನೆಯಿಂದ ಬಂದ ಚೀಟಿಗಳು, ಪಾಠದಲ್ಲಿರುವ ಉತ್ತರಗಳು



ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ‘ಮಾನವನ ಆರೋಗ್ಯ ಮತ್ತು ರೋಗಗಳು’ ಎಂಬ ಅಧ್ಯಾಯವಿದೆ. ಅದರಲ್ಲಿ ಲಸಿಕೆಗೆ ಸಿಕ್ಕಿರುವ ಜಾಗ ಚಿಕ್ಕದು. ಸಕ್ರಿಯ ಪ್ರತಿರಕ್ಷೆ, ನಿಷ್ಕ್ರಿಯ ಪ್ರತಿರಕ್ಷೆ, ಪ್ರತಿಕಾಯ, ಸ್ಮೃತಿ ಕೋಶ ಎಂಬ ನಾಲ್ಕು ಪದಗಳನ್ನು ಚೆನ್ನಾಗಿ ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಆದರೆ ಇದೇ ಪಾಠ ನಮ್ಮ ಮನೆಗಳಲ್ಲಿ ಬೇರೆ ರೂಪದಲ್ಲಿ ನಡೆಯುತ್ತದೆ. ಅಲ್ಲಿ ಪ್ರಶ್ನೆ ಕೇಳುವವರು ತಾಯಂದಿರು, ತಂದೆಯಂದಿರು, ಅಜ್ಜಿಯರು.

ಅದಕ್ಕಾಗಿ ಈ ಅಧ್ಯಾಯ ಮುಗಿದ ಮೇಲೆ ತರಗತಿಗೆ ಒಂದು ಮನೆಗೆಲಸ ಕೊಟ್ಟೆ. ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಚಿಕ್ಕ ಮಕ್ಕಳನ್ನು ಸಾಕುತ್ತಿರುವ ಒಬ್ಬರನ್ನು ಕೇಳಿ: ಮಕ್ಕಳ ಲಸಿಕೆಯ ವಿಷಯದಲ್ಲಿ ನಿಮಗಿರುವ ಚಿಂತೆ ಏನು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಚೀಟಿಯಲ್ಲಿ ಬರೆದು ತನ್ನಿ. ಹೆಸರು ಬೇಡ. ನಡುವೆ ಬಾಯಿ ಹಾಕಿ ಬುದ್ಧಿ ಹೇಳುವುದೂ ಬೇಡ.

ಚೀಟಿಗಳು ಬಂದವು. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಚಾಂಪಿಯನ್ ರೀಫ್, ಬಂಗಾರಪೇಟೆ ಮತ್ತು ಸುತ್ತಲಿನ ಹಳ್ಳಿಗಳಿಂದ. ಕನ್ನಡದಲ್ಲಿ, ಉರ್ದುವಿನಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ. ಎಲ್ಲವನ್ನೂ ಮೇಜಿನ ಮೇಲೆ ಹರಡಿ ಓದಿದಾಗ ಒಂದು ವಿಷಯ ಸ್ಪಷ್ಟವಾಯಿತು. ನಾವು ‘ಲಸಿಕೆಯ ಭಯ’ ಎಂದು ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಹಲವು ಬೇರೆ ಬೇರೆ ಪ್ರಶ್ನೆಗಳಿವೆ. ಒಂದು ವಿಜ್ಞಾನದ ಪ್ರಶ್ನೆ, ಒಂದು ಲೆಕ್ಕದ ಪ್ರಶ್ನೆ, ಒಂದು ಧರ್ಮದ ಪ್ರಶ್ನೆ, ಒಂದು ಕೂಲಿಯ ಪ್ರಶ್ನೆ. ಕೂಲಿಯ ಚಿಂತೆಯಲ್ಲಿರುವವರಿಗೆ ವಿಜ್ಞಾನದ ಭಾಷಣ ಮಾಡಿದರೆ ಅದು ಉತ್ತರವಾಗುವುದಿಲ್ಲ. ಆದ್ದರಿಂದ ಇಲ್ಲಿ ಚೀಟಿಗಳನ್ನು ಒಂದೊಂದಾಗಿ ತೆಗೆದುಕೊಂಡಿದ್ದೇನೆ. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಲಸಿಕೆಯ ಚರಿತ್ರೆಯಲ್ಲಿ ನಮ್ಮ ಜಿಲ್ಲೆಯ ಹೆಸರೇ ಬರೆದಿದೆ.

ಮೊದಲು, ಕೋಲಾರದ ಹೆಸರಿನ ವೈರಾಣು

ಜಪಾನೀಸ್ ಎನ್ಸೆಫಲೈಟಿಸ್ ಎಂಬ ಕಾಯಿಲೆಯನ್ನು ನಮ್ಮ ಕಡೆ ಮೆದುಳು ಜ್ವರ ಎನ್ನುತ್ತೇವೆ. ನಮ್ಮ ದೇಶದಲ್ಲಿ ಈ ಕಾಯಿಲೆಯ ಮೊದಲ ರೋಗಿಗಳನ್ನು ಗುರುತಿಸಿದ್ದು 1955ರಲ್ಲಿ, ನಮ್ಮೂರಿನವರು ಇಂದಿಗೂ ದೊಡ್ಡ ಕಾಯಿಲೆಗಳಿಗೆ ಹೋಗುವ ವೆಲ್ಲೂರಿನಲ್ಲಿ. 1970ರ ದಶಕದ ಕೊನೆಯಲ್ಲಿ ಅದು ಕೋಲಾರ ಜಿಲ್ಲೆಯಲ್ಲಿ ಕಾಣಿಸಿಕೊಂಡಿತು. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆಯಾಯಿತು. ಆಗ ಅದೂ ಕೋಲಾರ ಜಿಲ್ಲೆಯಲ್ಲೇ ಇತ್ತು.

ಈ ವೈರಾಣು ಇರುವುದು ಕೊಕ್ಕರೆ, ಬೆಳ್ಳಕ್ಕಿಗಳಂಥ ನೀರಹಕ್ಕಿಗಳಲ್ಲಿ ಮತ್ತು ಹಂದಿಗಳಲ್ಲಿ. ಹಂದಿಯ ರಕ್ತದಲ್ಲಿ ಅದು ಬಹಳ ಹೆಚ್ಚುತ್ತದೆ. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಮನುಷ್ಯನಿಗೆ ತಲುಪಿಸುತ್ತದೆ. ಕೆರೆ, ಕೆರೆಯ ಕೆಳಗೆ ಗದ್ದೆ, ಗದ್ದೆಯಲ್ಲಿ ಬೆಳ್ಳಕ್ಕಿ, ಊರಂಚಿನಲ್ಲಿ ಹಂದಿ: ಬಂಗಾರಪೇಟೆಯ ಸುತ್ತ ಸೈಕಲ್ ಹೊಡೆದವರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ.

1980ರ ದಶಕದ ಆರಂಭದಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಕೋಲಾರದ ಒಬ್ಬ ರೋಗಿಯಿಂದ ಈ ವೈರಾಣುವನ್ನು ಬೇರ್ಪಡಿಸಿ ಕಾಪಾಡಿ ಇಟ್ಟರು. ಆ ತಳಿಗೆ ‘ಕೋಲಾರ ತಳಿ’ ಎಂಬ ಹೆಸರು ಉಳಿಯಿತು. ಸುಮಾರು ಮೂವತ್ತು ವರ್ಷಗಳ ನಂತರ ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿ ಅದೇ ತಳಿಯನ್ನು ಬೆಳೆಸಿ, ನಿಷ್ಕ್ರಿಯಗೊಳಿಸಿ, ‘ಜೆನ್‌ವ್ಯಾಕ್’ ಎಂಬ ಲಸಿಕೆ ತಯಾರಿಸಿತು. 2013ರಲ್ಲಿ ಅದು ಬಿಡುಗಡೆಯಾಯಿತು. ಭಾರತದಲ್ಲೇ ಅಭಿವೃದ್ಧಿಯಾದ ಮೊದಲ ಮೆದುಳು ಜ್ವರದ ಲಸಿಕೆ ಅದು. ಚಿನ್ನದಿಂದ ಹೆಸರಾದ ಜಿಲ್ಲೆ ಇದು. ನಮ್ಮ ಜಿಲ್ಲೆಯ ಒಂದು ಕಾಯಿಲೆಯಿಂದಲೂ ದೇಶದ ಮಕ್ಕಳಿಗೆ ಉಪಯೋಗವಾಗಿದೆ ಎಂಬುದನ್ನು ನಾವು ತಿಳಿದಿರಬೇಕು.

ಈಗ ಚೀಟಿಗಳು.

“ನಮ್ಮ ಬೀದಿಯಲ್ಲಿ ಈ ಕಾಯಿಲೆ ಯಾರಿಗೂ ಬಂದಿಲ್ಲ. ಇಲ್ಲದ ಕಾಯಿಲೆಗೆ ಸೂಜಿ ಯಾಕೆ?”

ಇದು ಒಳ್ಳೆಯ ಪ್ರಶ್ನೆ. ಕಣ್ಣಿಗೆ ಕಾಣುವುದು ಮಗುವಿನ ತೊಡೆಗೆ ಚುಚ್ಚುವ ಸೂಜಿ ಮಾತ್ರ. ಕಾಯಿಲೆ ಕಾಣುವುದಿಲ್ಲ.

ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ತೋಳನ್ನು ನೋಡಿ. ಸಿಡುಬಿನ ಲಸಿಕೆಯ ದುಂಡನೆಯ ಕಲೆ ಇರುತ್ತದೆ. ನಿಮ್ಮ ತೋಳಿನಲ್ಲಿ ಅದು ಇಲ್ಲ. ನಿಮ್ಮ ಎಡ ಭುಜದ ಕೆಳಗಿರುವುದು ಕ್ಷಯರೋಗದ ವಿರುದ್ಧ ಕೊಡುವ ಬಿ.ಸಿ.ಜಿ. ಕಲೆ. ಸಿಡುಬು ಜಗತ್ತಿನಿಂದಲೇ ಹೋಗಿದೆ ಎಂದು 1980ರಲ್ಲಿ ಘೋಷಣೆಯಾಯಿತು. ಕಾಯಿಲೆ ಹೋದ ಮೇಲೆ ಆ ಲಸಿಕೆಯನ್ನೂ ಮಕ್ಕಳಿಗೆ ಕೊಡುವುದು ನಿಂತಿತು. ಅಂದರೆ ಸರ್ಕಾರವಾಗಲಿ ವೈದ್ಯರಾಗಲಿ ಕಾಯಿಲೆ ಸಂಪೂರ್ಣ ಹೋದ ಮೇಲೂ ಸೂಜಿ ಹಾಕುತ್ತಲೇ ಇರುವುದಿಲ್ಲ. ಲಸಿಕೆ ಮುಂದುವರಿದಿದೆ ಎಂದರೆ ಕಾಯಿಲೆ ಎಲ್ಲೋ ಉಳಿದಿದೆ ಎಂದೇ ಅರ್ಥ.

ಮೆದುಳು ಜ್ವರದ ವಿಷಯದಲ್ಲಿ ಅದು ಉಳಿದಿರುವುದು ಹಕ್ಕಿ ಮತ್ತು ಹಂದಿಗಳಲ್ಲಿ. ಬೀದಿಯ ಮಕ್ಕಳೆಲ್ಲ ಆರೋಗ್ಯವಾಗಿದ್ದರೂ ಗದ್ದೆಯ ಬಳಿ ವೈರಾಣು ಇರಬಹುದು. ಗಂಟಲಮಾರಿಯ ವಿಷಯದಲ್ಲಿ ಅದು ಮನುಷ್ಯರ ಗಂಟಲಿನಲ್ಲೇ ಉಳಿದಿರುತ್ತದೆ. 2016ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಗಂಟಲಮಾರಿ ಮತ್ತೆ ಕಾಣಿಸಿಕೊಂಡಿತು. ಸತ್ತವರಲ್ಲಿ ನಿಮ್ಮ ವಯಸ್ಸಿನ ಹುಡುಗರೂ ಇದ್ದರು. ಮರೆತೇ ಹೋಗಿದ್ದ ಕಾಯಿಲೆ ಎಂದು ಅಲ್ಲಿನವರೂ ಅಂದುಕೊಂಡಿದ್ದರು.

“ಸೋಂಕು ತಗಲಿದ 250 ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಜೋರಾಗುತ್ತದಂತೆ. ಉಳಿದ 249 ಮಕ್ಕಳಿಗೆ ಏನೂ ಆಗುವುದಿಲ್ಲವಲ್ಲ?”

ಈ ಚೀಟಿ ಬರೆಸಿದವರು ಲೆಕ್ಕ ತಿಳಿದವರು. ಅವರು ಹೇಳಿದ ಅಂಕಿ ಸರಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ: ಮೆದುಳು ಜ್ವರದ ಸೋಂಕು ತಗಲಿದವರಲ್ಲಿ ಸುಮಾರು 250ಕ್ಕೆ ಒಬ್ಬರಿಗೆ ಕಾಯಿಲೆ ತೀವ್ರವಾಗುತ್ತದೆ. ಆದರೆ ಹಾಗೆ ತೀವ್ರವಾದವರಲ್ಲಿ 100ಕ್ಕೆ 30 ಮಂದಿಯವರೆಗೆ ಸಾಯಬಹುದು. ಉಳಿದವರಲ್ಲೂ ಹಲವರಿಗೆ ಫಿಟ್ಸ್, ಕೈಕಾಲಿನ ದೌರ್ಬಲ್ಯ, ಮಾತು ಮತ್ತು ಕಲಿಕೆಯ ತೊಂದರೆ ಜೀವನವಿಡೀ ಉಳಿಯುತ್ತದೆ. ವೈರಾಣುವನ್ನೇ ಕೊಲ್ಲುವ ಔಷಧಿ ಇದಕ್ಕಿಲ್ಲ.

ಲೆಕ್ಕ ಮಾಡೋಣ. ಹತ್ತು ಲಕ್ಷ ಮಕ್ಕಳಿದ್ದಾರೆ, ಅವರಲ್ಲಿ 100ಕ್ಕೆ ಒಬ್ಬರಿಗೆ ಮಾತ್ರ ಸೋಂಕು ತಗಲುತ್ತದೆ ಎಂದು ಇಟ್ಟುಕೊಳ್ಳಿ. ಈ ‘100ಕ್ಕೆ ಒಬ್ಬರು’ ಎಂಬುದು ಲೆಕ್ಕಕ್ಕಾಗಿ ನಾನು ಇಟ್ಟ ಅಂಕಿ. ಆಗ ಸೋಂಕು ತಗಲಿದವರು 10,000. ಅದನ್ನು 250ರಿಂದ ಭಾಗಿಸಿದರೆ ತೀವ್ರ ಕಾಯಿಲೆಯ ಮಕ್ಕಳು 40. ಅವರಲ್ಲಿ 100ಕ್ಕೆ 30ರಂತೆ ಸಾವು 12ರವರೆಗೆ. ಬದುಕುಳಿದ 28 ಮಕ್ಕಳಲ್ಲಿ ಎಷ್ಟೋ ಮಂದಿ ಮೊದಲಿನಂತೆ ಶಾಲೆಗೆ ಹೋಗಲಾರರು.

ಇನ್ನೊಂದು ತಟ್ಟೆಯಲ್ಲಿ ಲಸಿಕೆಯನ್ನಿಡಿ. ಯಾವುದೇ ಲಸಿಕೆಯಿಂದ ಜೀವಕ್ಕೆ ಅಪಾಯ ತರುವಷ್ಟು ತೀವ್ರ ಅಲರ್ಜಿ ಆಗುವುದು ಸುಮಾರು ಹತ್ತು ಲಕ್ಷ ಡೋಸ್‌ಗೆ ಒಂದು. ಅದು ಹೆಚ್ಚಾಗಿ ಕೆಲವೇ ನಿಮಿಷಗಳಲ್ಲಿ ಶುರುವಾಗುತ್ತದೆ, ಕೂಡಲೇ ಅಡ್ರಿನಲಿನ್ ಕೊಟ್ಟರೆ ಮಗು ಚೇತರಿಸಿಕೊಳ್ಳುತ್ತದೆ. ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಲು ಹೇಳುವುದು ಇದಕ್ಕಾಗಿಯೇ. ‘ಮನೆಗೆ ಹೋಗಲು ತಡವಾಗುತ್ತದೆ’ ಎಂದು ಎದ್ದು ಬರಬಾರದು.

ಅಪಾಯವೇ ಇಲ್ಲ ಎಂದು ಹೇಳುವುದು ವಿಜ್ಞಾನವಲ್ಲ. ಎರಡೂ ಕಡೆಯ ಅಪಾಯವನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ವಿಜ್ಞಾನ.

“ಬೇರೆ ಮಕ್ಕಳೆಲ್ಲ ಹಾಕಿಸಿಕೊಂಡಿದ್ದಾರೆ. ನಮ್ಮ ಮಗುವಿಗೆ ಬಿಟ್ಟರೆ ಏನಾಗುತ್ತದೆ?”

ಈ ಪ್ರಶ್ನೆಯ ಹಿಂದೆ ಸಾಮೂಹಿಕ ಪ್ರತಿರಕ್ಷೆಯ ತತ್ವ ಇದೆ. ಆದರೆ ಉತ್ತರ ಕಾಯಿಲೆಯಿಂದ ಕಾಯಿಲೆಗೆ ಬದಲಾಗುತ್ತದೆ. ಪರೀಕ್ಷೆಗೂ ಇದನ್ನು ನೆನಪಿಡಿ.

ದಡಾರ ಮನುಷ್ಯನಿಂದ ಮನುಷ್ಯನಿಗೆ ಗಾಳಿಯಲ್ಲಿ ಹರಡುತ್ತದೆ. ಪ್ರತಿರಕ್ಷೆಯಿಲ್ಲದ ಜನರ ನಡುವೆ ಒಬ್ಬ ರೋಗಿ 12ರಿಂದ 18 ಮಂದಿಗೆ ಅದನ್ನು ದಾಟಿಸಬಲ್ಲ. ಅದನ್ನು ತಡೆಯಲು 100ರಲ್ಲಿ 95 ಮಕ್ಕಳಿಗಾದರೂ ಲಸಿಕೆ ಆಗಿರಬೇಕು. ‘ಬೇರೆಯವರು ಹಾಕಿಸಿದ್ದಾರೆ’ ಎಂದು ಆರು ಮನೆಯವರು ಬಿಟ್ಟರೆ ಗೋಡೆ ಬಿರುಕು ಬಿಡುತ್ತದೆ. ಆಗ ಮೊದಲು ಅಪಾಯಕ್ಕೆ ಸಿಗುವುದು ಇನ್ನೂ ಒಂಬತ್ತು ತಿಂಗಳು ತುಂಬದ, ಲಸಿಕೆಯ ವಯಸ್ಸೇ ಆಗದ ಕೂಸು.

ಧನುರ್ವಾಯು ಮಣ್ಣಿನಿಂದ ಗಾಯಕ್ಕೆ ಬರುತ್ತದೆ, ಮನುಷ್ಯನಿಂದ ಬರುವುದಿಲ್ಲ. ಊರಿನವರೆಲ್ಲ ಹಾಕಿಸಿಕೊಂಡಿದ್ದರೂ ತುಕ್ಕು ಹಿಡಿದ ಮೊಳೆ ತುಳಿದ ನಿಮ್ಮ ಮಗುವಿಗೆ ಅದರಿಂದ ರಕ್ಷಣೆಯಿಲ್ಲ.

ಮೆದುಳು ಜ್ವರವೂ ಹಾಗೆಯೇ. ಮನುಷ್ಯನ ರಕ್ತದಲ್ಲಿ ಈ ವೈರಾಣು ಸೊಳ್ಳೆಗೆ ಮತ್ತೆ ಅಂಟುವಷ್ಟು ಹೆಚ್ಚುವುದಿಲ್ಲ. ನಾವು ಅದರ ದಾರಿಯ ಕೊನೆ. ಆದ್ದರಿಂದ ಪಕ್ಕದ ಮನೆಯ ಮಗುವಿಗೆ ಹಾಕಿದ ಲಸಿಕೆ ಆ ಮಗುವನ್ನು ಮಾತ್ರ ಕಾಯುತ್ತದೆ. ಕೋಲಾರದಂಥ ಜಿಲ್ಲೆಯಲ್ಲಿ ಈ ಲಸಿಕೆ ತಪ್ಪಿದ ಮಗು ಒಂಟಿಯಾಗಿಯೇ ನಿಂತಿರುತ್ತದೆ.

“ಸೂಜಿ ಹಾಕಿದ ರಾತ್ರಿ ಮಗು ಮಲಗುವುದಿಲ್ಲ. ಬೆಳಗಿನ ಜಾವಕ್ಕೆ ನಾನು ಟ್ರೇನ್ ಹಿಡಿಯಬೇಕು.”

ಇಂಥ ಚೀಟಿಗಳು ಬೇರೆ ಊರಿನ ಕಾಲೇಜಿನಲ್ಲಿ ಬರುತ್ತಿದ್ದವೋ ಇಲ್ಲವೋ! 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ಅನ್ನ ಮಾರಿಕುಪ್ಪಂನಿಂದ ಬಂಗಾರಪೇಟೆ ಮೂಲಕ ಬೆಂಗಳೂರಿಗೆ ಹೋಗುವ ರೈಲಿನ ಮೇಲೆ ನಿಂತಿದೆ. ಕತ್ತಲಲ್ಲಿ ಹೊರಟವರು ಕತ್ತಲಲ್ಲೇ ಹಿಂದಿರುಗುತ್ತಾರೆ. ಅಂಥ ಮನೆಯಲ್ಲಿ ಮಗುವಿಗೆ ಒಂದು ರಾತ್ರಿ ಜ್ವರ ಬಂದರೆ ಮರುದಿನದ ಸಂಬಳಕ್ಕೇ ಪೆಟ್ಟು. ಇದನ್ನು ಅಜ್ಞಾನ ಎನ್ನುವವರು ಆ ರೈಲನ್ನು ಹತ್ತಿಲ್ಲ.

ಮೊದಲು ಜ್ವರದ ವಿಷಯ. ದೇಹ ಲಸಿಕೆಯಲ್ಲಿರುವ ಪ್ರತಿಜನಕವನ್ನು ಗುರುತಿಸಿ ಪ್ರತಿಕಾಯ ತಯಾರಿಸಲು ಶುರು ಮಾಡಿದಾಗ ಸ್ವಲ್ಪ ಜ್ವರ, ಚುಚ್ಚಿದ ಜಾಗದಲ್ಲಿ ಊತ, ಕಿರಿಕಿರಿ ಬರಬಹುದು. ಒಂದೆರಡು ದಿನದಲ್ಲಿ ಇಳಿಯುತ್ತದೆ. ಆರನೇ, ಹತ್ತನೇ, ಹದಿನಾಲ್ಕನೇ ವಾರದಲ್ಲಿ ಕೊಡುವ ಪೆಂಟಾವ್ಯಾಲೆಂಟ್ ಲಸಿಕೆಗೆ ಜ್ವರ ಹೆಚ್ಚು, ಏಕೆಂದರೆ ಅದರಲ್ಲಿ ನಾಯಿಕೆಮ್ಮಿನ ಬ್ಯಾಕ್ಟೀರಿಯಾದ ಸತ್ತ ಇಡೀ ಕೋಶ ಇರುತ್ತದೆ. ಖಾಸಗಿ ಆಸ್ಪತ್ರೆಗಳಲ್ಲಿ ‘ನೋವಿಲ್ಲದ ಸೂಜಿ’ ಎಂದು ದುಡ್ಡು ಕೊಟ್ಟು ಹಾಕಿಸುವುದರಲ್ಲಿ ಕೋಶದ ಕೆಲವು ಭಾಗಗಳು ಮಾತ್ರ ಇರುತ್ತವೆ. ಅದರಿಂದ ಜ್ವರ ಕಡಿಮೆ, ಆದರೆ ನಾಯಿಕೆಮ್ಮಿನ ವಿರುದ್ಧದ ರಕ್ಷಣೆಯೂ ಬೇಗ ಕುಂದುತ್ತದೆ. ‘ಸರ್ಕಾರದ್ದು ಉಚಿತ, ಅದಕ್ಕೇ ಕಳಪೆ’ ಎಂದು ಕೊರಗುವ ತಂದೆತಾಯಿಗಳಿಗೆ ಈ ಮಾತು ತಿಳಿಸಿ.

ದಡಾರ-ರುಬೆಲ್ಲಾ ಲಸಿಕೆಯ ಕಥೆ ಬೇರೆ. ಅದು ದುರ್ಬಲಗೊಳಿಸಿದ ಜೀವಂತ ವೈರಾಣು. ಅದು ದೇಹದಲ್ಲಿ ಹೆಚ್ಚಲು ಸಮಯ ಬೇಕು. ಹಾಗಾಗಿ ಜ್ವರ ಬಂದರೆ ಸುಮಾರು ಒಂದು ವಾರದ ನಂತರ ಬರುತ್ತದೆ, ಕೆಲವೊಮ್ಮೆ ಮೈಮೇಲೆ ಸಣ್ಣ ಗುಳ್ಳೆಗಳೊಂದಿಗೆ. ಇದು ಮೊದಲೇ ತಿಳಿದಿದ್ದರೆ ತಾಯಿ ಗಾಬರಿಯಾಗುವುದಿಲ್ಲ.

ಮಗುವಿಗೆ ಹಾಲು ಕುಡಿಸುತ್ತಿರಬಹುದು. ಜ್ವರದ ಔಷಧಿಯನ್ನು ಆರೋಗ್ಯ ಕಾರ್ಯಕರ್ತೆ ಹೇಳಿದ ಪ್ರಮಾಣದಲ್ಲೇ ಕೊಡಬೇಕು. ದೊಡ್ಡವರ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಕೊಡಬಾರದು. ಸೂಜಿ ಚುಚ್ಚಿದ ಜಾಗಕ್ಕೆ ಎಣ್ಣೆ, ಅರಿಶಿನ ಹಚ್ಚಿ ಉಜ್ಜಬಾರದು. ಫಿಟ್ಸ್ ಬಂದರೆ, ಮಗು ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಮೂರು ಗಂಟೆಗೂ ಹೆಚ್ಚು ಒಂದೇ ಸಮನೆ ಕಿರುಚಿ ಅತ್ತರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಕೂಲಿಯ ವಿಷಯ. ನಮ್ಮಲ್ಲಿ ಸಾಮಾನ್ಯವಾಗಿ ಗುರುವಾರ ಲಸಿಕೆಯ ದಿನ. ಆ ರಾತ್ರಿಯ ನಿದ್ದೆ ಹಂಚಿಕೊಳ್ಳುವವರು ಯಾರು, ಮರುದಿನ ಮಗುವನ್ನು ನೋಡಿಕೊಳ್ಳುವವರು ಯಾರು ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಂಡರೆ ತಾಯಿಯ ಮೇಲಿನ ಭಾರ ಅರ್ಧವಾಗುತ್ತದೆ. ಅಜ್ಜಿ, ಚಿಕ್ಕಮ್ಮ, ಖಾಲಾ ಯಾರಾದರೂ ತಾಯಿ ಕಾರ್ಡ್ ಹಿಡಿದು ಮಗುವನ್ನು ಕರೆದೊಯ್ಯಬಹುದು. ಪಿಯುಸಿ ಓದುವ ಮಗ ಒಂದು ರಾತ್ರಿ ತಂಗಿಯನ್ನು ಹೆಗಲ ಮೇಲೆ ಹಾಕಿ ತಿರುಗಾಡಿಸಿದರೆ ಅವನ ಓದೇನೂ ಕೆಡುವುದಿಲ್ಲ.

“ವಾಟ್ಸಾಪ್‌ನಲ್ಲಿ ಬಂದಿದೆ, ಈ ಸೂಜಿಯಿಂದ ಮುಂದೆ ಮಕ್ಕಳಾಗುವುದಿಲ್ಲವಂತೆ.”

2017ರ ಫೆಬ್ರವರಿಯಲ್ಲಿ ಕರ್ನಾಟಕ, ತಮಿಳುನಾಡು ಸೇರಿ ಐದು ಕಡೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾಯಿತು. ಒಂಬತ್ತು ತಿಂಗಳಿನಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಶಾಲೆಯಲ್ಲೇ, ಅಂಗನವಾಡಿಯಲ್ಲೇ ಕೊಡುವ ಯೋಜನೆ. ನಿಮ್ಮ ಅಣ್ಣ ಅಕ್ಕಂದಿರಿಗೆ ಅದು ನೆನಪಿರಬಹುದು. ಅಭಿಯಾನಕ್ಕಿಂತ ವೇಗವಾಗಿ ಓಡಿದ್ದು ಮೊಬೈಲ್ ಸಂದೇಶಗಳು. ನಮ್ಮ ಗಡಿ ಊರಿನಲ್ಲಿ ಇಂಥವು ಎರಡು ರಾಜ್ಯಗಳಿಂದ, ನಾಲ್ಕು ಭಾಷೆಗಳಲ್ಲಿ ಬರುತ್ತವೆ.

ರುಬೆಲ್ಲಾ ಲಸಿಕೆ ಮಾಡುವ ಕೆಲಸ ಏನೆಂದು ತಿಳಿದರೆ ಆ ಸಂದೇಶ ಎಷ್ಟು ತಲೆಕೆಳಗು ಎಂದು ಗೊತ್ತಾಗುತ್ತದೆ. ಬಸುರಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದರೆ ಗರ್ಭಪಾತವಾಗಬಹುದು, ಅಥವಾ ಮಗು ಕಣ್ಣಿನ ಪೊರೆ, ಕಿವುಡುತನ, ಹೃದಯದ ದೋಷದೊಂದಿಗೆ ಹುಟ್ಟಬಹುದು. ಮುಂದೆ ತಾಯಿಯಾಗುವ ಹುಡುಗಿಯನ್ನೂ ಅವಳ ಮಗುವನ್ನೂ ಕಾಯಲೆಂದೇ ಆ ಲಸಿಕೆ ಇದೆ.

ಹಾಗೆಂದು ಲಸಿಕೆಯ ಚರಿತ್ರೆಯಲ್ಲಿ ಅನಾಹುತವೇ ಆಗಿಲ್ಲ ಎನ್ನುವುದು ಸುಳ್ಳಾಗುತ್ತದೆ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಹಾಫ್ಕಿನ್ ಅವರ ಪ್ಲೇಗ್ ಲಸಿಕೆ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಅವರೆಲ್ಲರಿಗೂ ಲಸಿಕೆ ಕೊಟ್ಟಿದ್ದು ಒಂದೇ ಬಾಟಲಿಯಿಂದ. ಅದೇ ದಿನ ಬೇರೆ ಬಾಟಲಿಗಳಿಂದ ಹಾಕಿಸಿಕೊಂಡವರಿಗೆ ಏನೂ ಆಗಲಿಲ್ಲ. ಬಾಟಲಿ ತೆರೆಯುವಾಗ ಬಳಸಿದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡಿರಲಿಲ್ಲ ಎಂಬುದು ನಂತರ ಹೊರಬಂತು. ಹಾಫ್ಕಿನ್ ಮೇಲಿನ ಆರೋಪ ಹೋಗಲು 1907ರವರೆಗೆ ಕಾಯಬೇಕಾಯಿತು. ಇಂದು ಪ್ರತಿ ಮಗುವಿಗೂ ಒಮ್ಮೆ ಬಳಸಿದರೆ ಮತ್ತೆ ಬಳಸಲಾಗದ ಹೊಸ ಸಿರಿಂಜ್ ಇದೆ, ಕಲಸಿದ ದಡಾರ-ರುಬೆಲ್ಲಾ ಲಸಿಕೆಯನ್ನು ನಾಲ್ಕು ಗಂಟೆಯ ನಂತರ ಎಸೆಯಬೇಕೆಂಬ ನಿಯಮ ಇದೆ. ಇಂಥ ನಿಯಮಗಳು ಹಿಂದಿನ ಅನಾಹುತಗಳಿಂದ ಕಲಿತ ಪಾಠಗಳು. ಆದ್ದರಿಂದ ‘ಸಿರಿಂಜ್ ಹೊಸದೇ? ಬಾಟಲಿ ಯಾವಾಗ ತೆರೆದಿರಿ?’ ಎಂದು ತಂದೆತಾಯಿ ಕೇಳಿದರೆ ಅದು ಅವಮಾನವಲ್ಲ, ಅವರ ಹಕ್ಕು.

ಲಸಿಕೆ ತಣ್ಣಗಿತ್ತೇ ಎಂದು ನೀವೇ ನೋಡಬಹುದು. ಬಾಟಲಿಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಶಾಖ ತಗಲಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಚೌಕ ವೃತ್ತಕ್ಕಿಂತ ತೆಳು ಬಣ್ಣದಲ್ಲಿದ್ದರೆ ಬಳಸಬಹುದು. ವೃತ್ತದಷ್ಟೇ ಕಪ್ಪಾಗಿದ್ದರೆ ಬಳಸಬಾರದು.

“ಇದರಲ್ಲಿ ಏನೇನು ಹಾಕಿರುತ್ತಾರೋ. ನಮಗೆ ಹಲಾಲ್ ಆಗುತ್ತದೆಯೇ?”

ಇದನ್ನು ಕೇಳಲು ಹಿಂಜರಿಯುವವರೇ ಹೆಚ್ಚು. ಕೇಳದೆ ಉಳಿದ ಪ್ರಶ್ನೆಗಿಂತ ಕೇಳಿದ ಪ್ರಶ್ನೆ ಒಳ್ಳೆಯದು. ಕೆಲವು ಲಸಿಕೆಗಳಲ್ಲಿ ವೈರಾಣು ಕೆಡದಂತೆ ಜೆಲಟಿನ್ ಬಳಸುತ್ತಾರೆ. ಅದರ ಮೂಲ ಪ್ರಾಣಿಯದು. ಈ ಬಗ್ಗೆ 1995ರಲ್ಲಿ ಕುವೈತ್‌ನಲ್ಲಿ ನೂರಕ್ಕೂ ಹೆಚ್ಚು ಇಸ್ಲಾಮಿ ವಿದ್ವಾಂಸರು ಮತ್ತು ತಜ್ಞರು ವೈದ್ಯಕೀಯ ವಿಜ್ಞಾನಗಳ ಇಸ್ಲಾಮಿಕ್ ಸಂಘಟನೆಯ ಸಭೆಯಲ್ಲಿ ಚರ್ಚಿಸಿದರು. ಒಂದು ವಸ್ತು ಮೂಲ ಗುಣವನ್ನೇ ಕಳೆದುಕೊಂಡು ಬೇರೆ ವಸ್ತುವಾಗಿ ಬದಲಾದರೆ ಅದರ ಮೇಲಿನ ವಿಧಿಯೂ ಬದಲಾಗುತ್ತದೆ ಎಂಬ ‘ಇಸ್ತಿಹಾಲಾ’ ತತ್ವದ ಮೇಲೆ ಅಂಥ ಜೆಲಟಿನ್ ಬಳಕೆಗೆ ಅನುಮತಿ ಇದೆ ಎಂದು ಹೇಳಿದರು. ನಾನು ಜೀವಶಾಸ್ತ್ರದವಳು, ಫತ್ವಾ ಹೇಳುವವಳಲ್ಲ. ಸಂದೇಹ ಇರುವವರು ತಾವು ನಂಬುವ ಮೌಲಾನಾ ಅವರನ್ನು ಕೇಳಿ. ವಾಟ್ಸಾಪ್‌ಗೆ ಆ ಸ್ಥಾನ ಕೊಡಬೇಡಿ.

ಪೋಲಿಯೊ ಹೋದದ್ದೂ ಹೀಗೆಯೇ. 2009ರಲ್ಲಿ ಭಾರತದಲ್ಲಿ 741 ಮಕ್ಕಳಿಗೆ ಪೋಲಿಯೊ ಬಂದಿತ್ತು. ಪಶ್ಚಿಮ ಉತ್ತರ ಪ್ರದೇಶದ ಕೆಲವು ಮೊಹಲ್ಲಾಗಳಲ್ಲಿ ಹನಿ ಹಾಕುವವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಅಲ್ಲಿ ಬಾಗಿಲು ತೆರೆಸಲು ಮಸೀದಿಯ ಇಮಾಮರು, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ, ಜಾಮಿಯಾ ಹಮ್‌ದರ್ದ್ ನೆರವಾದವು. ಜೊತೆಗೆ ಅದೇ ಬೀದಿಯ ಹೆಂಗಸರು ಮನೆಮನೆಗೆ ಹೋಗಿ ಕೂತು ಮಾತಾಡಿದರು. ನಮ್ಮ ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಿಂದ ವರದಿಯಾಯಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು.

“ಒಂದು ಸೂಜಿ ತಪ್ಪಿತು. ಈಗ ಹೋದರೆ ಬೈಯುತ್ತಾರೆ ಅಂತ ಹೋಗಿಲ್ಲ.”

ಈ ಚೀಟಿ ಓದಿ ನನಗೆ ಬೇಸರವಾಯಿತು. ಬಂಗಾರಪೇಟೆಯಲ್ಲಿ ಚಾಟ್ಸ್ ಗಾಡಿ ಇಟ್ಟುಕೊಂಡವರಾಗಲಿ, ಗಾರ್ಮೆಂಟ್ಸ್‌ಗೆ ಹೋಗುವವರಾಗಲಿ, ಮದುವೆಗೆಂದು ಕುಪ್ಪಂ ಕಡೆ ಹೋಗಿದ್ದವರಾಗಲಿ, ಒಂದು ಗುರುವಾರ ತಪ್ಪುವುದು ಸಹಜ. ಬೈಗುಳದ ಭಯಕ್ಕೆ ಉಳಿದ ಡೋಸ್‌ಗಳೂ ತಪ್ಪಿದರೆ ನಷ್ಟ ಮಗುವಿಗೆ. ಈ ಸಂಗತಿಗಳನ್ನು ನಿಮ್ಮ ಮನೆಯಲ್ಲಿ ಹೇಳಿ:

ಡೋಸ್ ತಡವಾದರೆ ಮೊದಲಿನಿಂದ ಮತ್ತೆ ಶುರು ಮಾಡಬೇಕಾಗಿಲ್ಲ. ನಿಂತ ಕಡೆಯಿಂದ ಮುಂದುವರಿಸುತ್ತಾರೆ. ಸ್ಮೃತಿ ಕೋಶಗಳು ಹಿಂದಿನ ಡೋಸನ್ನು ಮರೆತಿರುವುದಿಲ್ಲ.

ದಡಾರ-ರುಬೆಲ್ಲಾ ಮತ್ತು ಮೆದುಳು ಜ್ವರದ ಲಸಿಕೆಗಳ ಮೊದಲ ಡೋಸ್ 9ರಿಂದ 12 ತಿಂಗಳಲ್ಲಿ, ಎರಡನೆಯದು 16ರಿಂದ 24 ತಿಂಗಳಲ್ಲಿ. ತಪ್ಪಿದ್ದರೆ ದಡಾರ-ರುಬೆಲ್ಲಾ ಐದು ವರ್ಷದವರೆಗೆ, ಮೆದುಳು ಜ್ವರದ್ದು 15 ವರ್ಷದವರೆಗೆ ಹಾಕಿಸಬಹುದು.

ಸಣ್ಣ ನೆಗಡಿ, ಕೆಮ್ಮು ಇದ್ದರೂ ಲಸಿಕೆ ಹಾಕಬಹುದು. ಹೆಚ್ಚು ಜ್ವರ ಇದ್ದರೆ, ಅಥವಾ ಹಿಂದಿನ ಡೋಸ್‌ಗೆ ತೀವ್ರ ತೊಂದರೆ ಆಗಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು.

ಬೇರೆ ಊರಿನ ಕಾರ್ಡ್ ಆದರೂ ಚಿಂತೆಯಿಲ್ಲ. ತವರಿಗೆ ಆಂಧ್ರಕ್ಕೋ ತಮಿಳುನಾಡಿಗೋ ಹೋದಾಗ ಕಾರ್ಡ್ ಜೊತೆಗಿರಲಿ. ಅಲ್ಲಿಯ ಆರೋಗ್ಯ ಕೇಂದ್ರದಲ್ಲೂ ಈ ಲಸಿಕೆಗಳು ಉಚಿತ.

ಕೊನೆಯದಾಗಿ, ನಿಮ್ಮದೇ ತೋಳಿನ ಪ್ರಶ್ನೆ

ಯಾವ ಚೀಟಿಯಲ್ಲೂ ಬಾರದ ಒಂದು ಮಾತಿದೆ. ರಾಷ್ಟ್ರೀಯ ಲಸಿಕೆ ಪಟ್ಟಿಯಲ್ಲಿ 10 ವರ್ಷಕ್ಕೊಂದು, 16 ವರ್ಷಕ್ಕೊಂದು ಟಿ.ಡಿ. ಲಸಿಕೆ ಇದೆ. ಧನುರ್ವಾಯು ಮತ್ತು ಗಂಟಲಮಾರಿಯ ವಿರುದ್ಧ ಶಿಶುವಾಗಿದ್ದಾಗ ಪಡೆದ ರಕ್ಷಣೆ ವರ್ಷ ಕಳೆದಂತೆ ಕುಂದುತ್ತದೆ. ಅದನ್ನು ಮತ್ತೆ ಎಬ್ಬಿಸಲು ಈ ಡೋಸ್. 16 ವರ್ಷ ಎಂದರೆ ಪ್ರಥಮ ಪಿಯುಸಿ, ಅಂದರೆ ನೀವು. ಮಲಪ್ಪುರಂನ ಹುಡುಗರ ವಯಸ್ಸನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ.

ಈ ವಾರದ ಮನೆಗೆಲಸ ಇಷ್ಟು. ಮನೆಯಲ್ಲಿ ಐದು ವರ್ಷದೊಳಗಿನ ಮಗುವಿದ್ದರೆ ತಾಯಿ ಕಾರ್ಡ್ ತೆಗೆದು ಓದಿ, ಯಾವ ಕಾಲಂ ಖಾಲಿ ಇದೆ ನೋಡಿ. ನಿಮ್ಮ ಅಮ್ಮ ಆ ಕಾರ್ಡನ್ನು ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಟ್ಟಿರುತ್ತಾರೆ. ಅದರಲ್ಲಿರುವ ಸಣ್ಣ ಅಕ್ಷರಗಳನ್ನು ಓದಬಲ್ಲವರು ಮನೆಯಲ್ಲಿ ನೀವೊಬ್ಬರೇ ಇರಬಹುದು. ಖಾಲಿ ಇದ್ದರೆ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ ದಿನ ತಿಳಿದುಕೊಳ್ಳಿ. ಮನೆಯವರು ಚಿಂತೆ ಹೇಳಿಕೊಂಡರೆ ಮೊದಲು ಪೂರ್ತಿ ಕೇಳಿ. ಅದು ವಿಜ್ಞಾನದ ಪ್ರಶ್ನೆಯೋ, ಲೆಕ್ಕದ್ದೋ, ಧರ್ಮದ್ದೋ, ಕೂಲಿಯದೋ ಎಂದು ಯೋಚಿಸಿ, ಆಮೇಲೆ ಉತ್ತರಿಸಿ. ಉತ್ತರ ತಿಳಿಯದಿದ್ದರೆ ಆ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಜೀವಶಾಸ್ತ್ರ ಪ್ರಯೋಗಾಲಯದ ಬಾಗಿಲ ಬಳಿಯ ಡಬ್ಬಿಗೆ ಹಾಕಿ. ಮುಂದಿನ ತರಗತಿಯಲ್ಲಿ ಓದೋಣ.